ಹನ್ನೊಂದು

ಬೆಳಗಿನ ನಾಲ್ಕಕ್ಕೆ ಬಂದರಿನ ಶೆಡ್ಡಿನಲ್ಲಿ
ಮಂಜುಗಡ್ಡೆ ಒಡೆಯುವ ಸದ್ದು.
ಹ್ಯಾಡಕ್ ಮೀನಿನ ಹೆಗಲ ಮೇಲೊಂದು ಕಪ್ಪು ಮಚ್ಚೆ,
ಯಾರೋ ಹೆಬ್ಬೆಟ್ಟು ಒತ್ತಿಸಿಕೊಂಡು ಸಮುದ್ರಕ್ಕೆ ಬಿಟ್ಟಂತೆ.
ಅದರ ಹಿಂದಿನಿಂದಲೇ ಚಾಕು ಇಳಿಯಬೇಕು
ಮುಳ್ಳಿನ ಗುಂಟ, ಬಾಲದವರೆಗೆ, ಒಂದೇ ಉಸಿರಿಗೆ.

ಇಪ್ಪತ್ತಾರು ವರ್ಷ.
ಫ್ರೇಸರ್‌ಬರ್ಗ್‌ನಿಂದ ಪೀಟರ್‌ಹೆಡ್‌ವರೆಗೆ ಯಾರನ್ನೇ ಕೇಳಿ,
ಊನಾ ಬುಕನ್‌ಳ ಕೈ ನಡುಗುವುದಿಲ್ಲ ಅನ್ನುತ್ತಾರೆ.
ನಿಜ. ನಡುಗುತ್ತಿರಲಿಲ್ಲ.
ಮೂರೂವರೆಗೆ, ಗಂಬೂಟು ಹಾಕುವ ಮೊದಲು,
ಫ್ಲಾಸ್ಕಿನ ಮುಚ್ಚಳದಲ್ಲಿ ಎರಡು ಸಲ ವೋಡ್ಕಾ.
ಆ ಹೆಸರು ನನ್ನದಲ್ಲ, ಫ್ಲಾಸ್ಕಿನದು.
ಕ್ರಿಸ್‌ಮಸ್ಸಿಗೆ ಮಾಲೀಕ ಕೊಟ್ಟ ಬೆಳ್ಳಿ ಹಿಡಿಯ ಚಾಕುವೂ
ನ್ಯಾಯವಾಗಿ ಅದಕ್ಕೇ ಸೇರಬೇಕು.

ಬಿಟ್ಟ ಮೇಲೆ ನಡುಗಿತು.
ಸಂಧಿವಾತ ಅಂದೆ. ಚಳಿ ಅಂದೆ.
ಒಂದರ ಮೇಲೊಂದು ಎರಡು ಜೊತೆ ಕೈಗವಸು ಹಾಕಿದೆ.
ಕುಡಿಯುವಾಗ ಕುಡಿದಿಲ್ಲವೆಂಬ ಸುಳ್ಳು,
ಬಿಟ್ಟಾಗ, ಬಿಡುವಂಥದ್ದೇನೂ ಇರಲೇ ಇಲ್ಲವೆಂಬ ಸುಳ್ಳು.
ನಾಲಿಗೆಗೆ ಬೇರೆ ಕಸುಬು ಕಲಿಸಿಯೇ ಇರಲಿಲ್ಲ.

ಗುರುವಾರ ಸಂಜೆ ಚರ್ಚಿನ ಹಿಂದಿನ ಕೋಣೆ.
ಪ್ಲಾಸ್ಟಿಕ್ ಕುರ್ಚಿ, ಶುಂಠಿ ಬಿಸ್ಕತ್ತು, ಒದ್ದೆ ಕೋಟುಗಳ ವಾಸನೆ.
ಚಹಾದ ಜವಾಬ್ದಾರಿ ನನ್ನದು.
ನಾನು ಚೆನ್ನಾಗಿ ಮಾತಾಡುತ್ತೇನೆ, ಹಾಗಂತ ಎಲ್ಲರೂ ಹೇಳುತ್ತಾರೆ.
ಮಗಳ ಮದುವೆಯಲ್ಲಿ ಕೇಕಿನ ಮೇಲೆ ಬಿದ್ದದ್ದನ್ನು
ನಗಿಸಬೇಕಾದಲ್ಲಿ ನಗಿಸಿ
ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ ಹೇಳುತ್ತೇನೆ.
ಮುಳ್ಳು ತೆಗೆದ ಕಥೆ ಅದು.
ಯಾರ ಗಂಟಲಿಗೂ ಸಿಕ್ಕುವುದಿಲ್ಲ,
ನನ್ನದಕ್ಕೂ.

ಹೋದ ವಾರ ಒಂಬತ್ತು ತಿಂಗಳ ಹಿತ್ತಾಳೆ ಬಿಲ್ಲೆ ಕೊಟ್ಟರು.
ಚಪ್ಪಾಳೆ. ಇಷಬೆಲ್ ಅಪ್ಪಿಕೊಂಡಳು.
ಅವಳ ಮೂಗು ನನ್ನ ಕೊರಳ ಹತ್ತಿರ ಬಂದಾಗ
ಉಸಿರು ಬಿಗಿಹಿಡಿದೆ, ಹಳೆಯ ಅಭ್ಯಾಸ.
ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ,
ನಾನೇ ಹೆಗಲು ಮುಟ್ಟಿ ನೋಡಿಕೊಂಡೆ.

ಅದಕ್ಕೂ ನಾಲ್ಕು ದಿನ ಹಿಂದೆ, ಭಾನುವಾರ.
ಕಾರಣ ಕೇಳಬೇಡಿ. ಯಾರೂ ಸತ್ತಿರಲಿಲ್ಲ.
ಬಿಸಿಲಿತ್ತು. ಬಟ್ಟೆ ಒಣಗಿದ್ದವು.
ಬೆಕ್ಕಿನ ಹಾಗೆ ಕಣ್ಣು ಮುಚ್ಚಿ ಕುಡಿದೆ.
ಕಣ್ಣು ಬಿಟ್ಟಾಗ ಲೋಕ ನೋಡುತ್ತಿರಲಿಲ್ಲ,
ಅದೇ ಭಯವಾದದ್ದು.

ಈ ಗುರುವಾರ ಹೊಸ ಹುಡುಗನೊಬ್ಬ ಬಂದ, ರೋರಿ.
ಇಪ್ಪತ್ತೆರಡಿರಬಹುದು. ದೋಣಿಯವರು ಇಳಿಸಿ ಹೋಗಿದ್ದಾರೆ.
ಅವನ ಮೊಣಕಾಲು ಮೇಜಿನ ಕೆಳಗೆ
ಕೆಟ್ಟ ಎಂಜಿನ್ನಿನಂತೆ ಕುಣಿಯುತ್ತಿತ್ತು.
ಚಹಾ ಕೊಡಲು ಹೋದೆ.
"ಒಂಬತ್ತು ತಿಂಗಳಂತೆ ನಿಮಗೆ. ಹೇಗೆ ಮಾಡಿದಿರಿ?"

ಉತ್ತರ ಬಾಯಲ್ಲಿ ಸಿದ್ಧವಿತ್ತು,
ತೊಳೆದು, ತೂಗಿ, ಕಾಗದದಲ್ಲಿ ಸುತ್ತಿ ಇಟ್ಟಿದ್ದು.
ಹೇಳಿದರೆ ಇವರೆಲ್ಲ ಬೇಸರಪಡುತ್ತಾರೆಂದು ಹೆದರಿದ್ದೆನಾ?
ಅಲ್ಲ.
ಯಾರಿಗೂ ಆಶ್ಚರ್ಯವೇ ಆಗದಿದ್ದರೆ?

"ಮಾಡಿಲ್ಲ" ಅಂದೆ. "ಹನ್ನೊಂದು ದಿನ."

ಕಪ್ಪು ಬಸಿಯ ಮೇಲೆ ಕಟಕಟ ಅಂದಿತು.
ಇನ್ನೊಂದು ಕೈಯಿಂದ ಹಿಡಿದು ನಿಲ್ಲಿಸಲಿಲ್ಲ.
ಹುಡುಗ ಕಪ್ಪನ್ನೇ ನೋಡಿದ, ನನ್ನ ಮುಖವನ್ನಲ್ಲ.
"ನನಗೆ ಎರಡು" ಅಂದ.

ಇಷಬೆಲ್ ಏನೂ ಅನ್ನಲಿಲ್ಲ.
ಬಿಲ್ಲೆ ಮೇಜಿನ ಮೇಲಿಟ್ಟಾಗ ಎತ್ತಿಕೊಂಡು
ಬಿಸ್ಕತ್ತಿನ ಡಬ್ಬಿಗೆ ಹಾಕಿದಳು.
"ಇಲ್ಲೇ ಇರುತ್ತೆ ಬಿಡು.
ಸಕ್ಕರೆ ಮುಗಿದಿದೆ, ಮುಂದಿನ ವಾರ ತರುತ್ತೀಯಾ?"

ಮನೆಗೆ ಹೋಗುವಾಗ ಹಗುರಾಗಬೇಕಿತ್ತು.
ಆಗಲಿಲ್ಲ. ಗಾಳಿ ಮುಖಕ್ಕೆ ಹೊಡೆಯಿತು,
ಅಂಗಡಿಯ ದೀಪ ಉರಿಯುತ್ತಿತ್ತು,
ರಸ್ತೆಯ ಆಚೆ ಬದಿಯಿಂದ ನಡೆದೆ.

ಬೆಳಗ್ಗೆ ನಾಲ್ಕಕ್ಕೆ ಒಂದೇ ಜೊತೆ ಕೈಗವಸು.
ಹ್ಯಾಡಕ್, ಹೆಬ್ಬೆಟ್ಟಿನ ಗುರುತು, ಚಾಕು.
ಅರ್ಧ ದಾರಿಯಲ್ಲಿ ಮುಳ್ಳಿಗೆ ತಾಗಿ ನಿಂತಿತು.
"ಇವತ್ತು ನಿಧಾನ, ಊನಾ" ಅಂದ ಮೇಸ್ತ್ರಿ.
"ಹೌದು. ಕೈ ನಡುಗುತ್ತಿದೆ."
ಅವನು ಪೆಟ್ಟಿಗೆ ಎಣಿಸುತ್ತ ಮುಂದೆ ಹೋದ.